ಕುಂಚದ ಗೆರೆಯಲ್ಲಿ ಕಾಗೆ: ಆರ್.ಕೆ. ಲಕ್ಷ್ಮಣ್ ಚಿತ್ರಗಳಿಂದ ಕಲಿಯುವ ಬಗೆ

ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ (1921–2015) ಎಂದೊಡನೆ ನೆನಪಾಗುವುದು ಚೌಕಳಿ ಕೋಟಿನ ಶ್ರೀಸಾಮಾನ್ಯ. ಆದರೆ ಗೆರೆ ಕಲಿಯಬೇಕೆನ್ನುವವರು ಅವರ ಕಾಗೆಗಳನ್ನು ಹಿಡಿದು ಕೂರುವುದೇ ಮೇಲು. ಅಲ್ಲಿ ಬಟ್ಟೆಯಿಲ್ಲ, ಕೆಳಗೊಂದು ನಗೆಮಾತಿಲ್ಲ. ಠೀವಿ, ಕಳ್ಳನೋಟ, ಅನುಮಾನ ಎಲ್ಲವನ್ನೂ ಗೆರೆಯೇ ಹೇಳಬೇಕು. ಮಾದರಿಗೂ ಬರವಿಲ್ಲ, ಬೆಳಿಗ್ಗೆ ದೇವರಾಜ ಮಾರುಕಟ್ಟೆಯ ಆಸುಪಾಸಿಗೆ ಹೋದರೆ ಸಾಕು.

ಬೇಕಾದ್ದು ಮೂರೇ: 3ನೇ ನಂಬರಿನ ದುಂಡು ಕುಂಚ, ವಾಟರ್‌ಪ್ರೂಫ್ ಇಂಡಿಯನ್ ಇಂಕ್, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಆಸುಪಾಸಿನ ನುಣುಪು ಕಾಗದ. ತೆಳು ಡ್ರಾಯಿಂಗ್ ಶೀಟಿನಲ್ಲಿ ಇಂಕು ಹರಡಿ ಗೆರೆಯ ಅಂಚು ಮುಳ್ಳುಮುಳ್ಳಾಗುತ್ತದೆ. ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಕುಂಚ ಕೊಳ್ಳುವಾಗ ನೀರಿನಲ್ಲಿ ಅದ್ದಿ ಒಮ್ಮೆ ಝಾಡಿಸಿ ನೋಡಿ. ಕೂದಲು ತಾನಾಗಿ ಮೊನೆಗೂಡದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಬ್ರಷ್ ಪೆನ್ ಬೀದಿಯಲ್ಲಿ ನಿಂತು ಬರೆಯಲು ಅನುಕೂಲ, ಆದರೆ ಅದರಲ್ಲೇ ಕಲಿತರೆ ಕೈಗೆ ಒತ್ತಡದ ಲೆಕ್ಕ ಸಿಗುವುದು ತಡ.

ಬಾಟಲಿಗೇ ಕುಂಚ ಅದ್ದದೆ, ಅರ್ಧ ಚಮಚದಷ್ಟು ಇಂಕನ್ನು ಬಟ್ಟಲಿಗೆ ಸುರಿದುಕೊಳ್ಳಿ. ಕೂದಲಿನ ಮೂರರಲ್ಲೆರಡು ಭಾಗವಷ್ಟೇ ಅದ್ದಿ, ಅಂಚಿಗೆ ಉರುಳಿಸುತ್ತಾ ಒರೆಸಿ. ಇಂಥ ಇಂಕಿನಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಅದು ಕೂದಲಿನ ಬುಡಕ್ಕೆ ಇಳಿದು ಒಣಗಿದರೆ ಮೊನೆ ಎರಡಾಗಿ ಸೀಳುತ್ತದೆ, ಆಮೇಲೆ ನೀರಿಗೆ ಬಿಡುವುದಿಲ್ಲ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ತಣ್ಣೀರಿನಲ್ಲಿ ಜಾಲಿಸಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ. ಫೌಂಟನ್ ಪೆನ್ನಿಗಂತೂ ಈ ಇಂಕು ತುಂಬಲೇಬಾರದು.

ಮೊದಲ ವಾರ ಕಾಗೆಯ ಸುದ್ದಿಗೇ ಹೋಗಬೇಡಿ. ಹತ್ತು ಸೆಂಟಿಮೀಟರಿನ ಗೆರೆಗಳನ್ನು ಸಣ್ಣಗೆ ಶುರು ಮಾಡಿ, ನಡುವೆ ದಪ್ಪವಾಗಿಸಿ, ಮತ್ತೆ ಸಣ್ಣಗೆ ಮುಗಿಸಿ. ಕುಂಚವನ್ನು ತಳ್ಳಬೇಡಿ, ನಿಮ್ಮತ್ತ ಎಳೆಯಿರಿ. ಅದಕ್ಕೆ ತಕ್ಕಂತೆ ಕಾಗದವನ್ನೇ ತಿರುಗಿಸಿಕೊಳ್ಳಿ. ಕಿರುಬೆರಳು ಕಾಗದಕ್ಕೆ ತಾಗಿರಲಿ, ಚಲನೆ ಮೊಣಕೈಯಿಂದ ಬರಲಿ. ಮಣಿಕಟ್ಟು ಊರಿ ಎಳೆದರೆ ಉದ್ದ ಗೆರೆ ನಡುದಾರಿಯಲ್ಲೇ ಬಾಗುತ್ತದೆ.

ಆಮೇಲೆ ಲಕ್ಷ್ಮಣರ ಒಂದು ಮುದ್ರಿತ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಗೆರೆ ದಪ್ಪವಾಗುವ ಕಡೆಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಚುಕ್ಕಿ ಹಾಕಿ, ಗೆರೆ ಕಡಿದುಹೋದಲ್ಲಿ ಅಡ್ಡಗೀಟು ಎಳೆಯಿರಿ. ಭಾರ ಬೀಳುವಲ್ಲಿ, ನೆರಳಿನ ಬದಿಯಲ್ಲಿ, ಒಂದರ ಹಿಂದೆ ಇನ್ನೊಂದು ಮರೆಯಾಗುವಲ್ಲಿ ದಪ್ಪ ಎಲ್ಲೆಲ್ಲಿ ಕೂತಿದೆ ಎಂದು ಹುಡುಕಿ. ಇಷ್ಟು ಗಮನಿಸದೆ ಬರೀ ಆಕಾರವನ್ನು ನಕಲು ಮಾಡಿದರೆ ಕೈಗೆ ಬರುವುದು ತಂತಿಯಲ್ಲಿ ಬಗ್ಗಿಸಿದ ಹಕ್ಕಿ. ಲಕ್ಷ್ಮಣರೂ ಎಳೆವಯಸ್ಸಿನಲ್ಲಿ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನ ಚಿತ್ರಗಳಿಗೆ ಮರುಳಾದವರೇ. ಸಹಿಯನ್ನು ಮಾತ್ರ ಬಹುಕಾಲ ‘ಕೌ’ ಎಂದು ಓದಿಕೊಂಡಿದ್ದರಂತೆ!

ಈಗ ಕಾಗೆ. ಹದಿನೈದು ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಎಚ್‌ಬಿ ಪೆನ್ಸಿಲಿನಲ್ಲಿ ಐದಾರು ಗುರುತು ಸಾಕು: ಕೊಕ್ಕಿನ ತುದಿ, ತಲೆ, ಬೆನ್ನಿನ ಓರೆ, ಬಾಲದ ತುದಿ, ಎರಡು ಪಾದ. ಪೆನ್ಸಿಲಿನಲ್ಲೇ ಪೂರ್ತಿ ಬಿಡಿಸಿಟ್ಟರೆ ಕುಂಚ ಅದನ್ನು ಹೆದರಿ ಹೆದರಿ ಹಿಂಬಾಲಿಸುತ್ತದೆ. ಒಂದು ಗೆರೆ ಇರಬೇಕಾದಲ್ಲಿ ಹತ್ತು ಚೂರು ಗೆರೆ ಬಂದು ಮೈಯೆಲ್ಲ ರೋಮವಾಗುತ್ತದೆ. ಹಣೆಯಿಂದ ಬಾಲದವರೆಗಿನ ಬೆನ್ನನ್ನು ಒಂದೇ ಎಳೆತದಲ್ಲಿ ಮುಗಿಸಿ. ಆ ಗೆರೆ ಕೆಟ್ಟರೆ ತಿದ್ದುವುದಕ್ಕಿಂತ ಹೊಸ ಹಾಳೆ ವಾಸಿ.

ಮೈಯ ಸುತ್ತ ಗೆರೆ ಎಳೆದು ಒಳಗೆ ಕಪ್ಪು ತುಂಬಬೇಡಿ, ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ರೆಕ್ಕೆಯ ಕಪ್ಪನ್ನು ಬೆನ್ನಿನ ಗೆರೆಯಿಂದಲೇ ಕೆಳಕ್ಕೆ ಎಳೆಯುತ್ತಾ, ಹೊಳಪು ಬೀಳುವಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡಿ. ಊರುಕಾಗೆಯ ಕುತ್ತಿಗೆ ಬೂದು ಬಣ್ಣದ್ದು. ಅಲ್ಲಿ ಒಂದು ಮಿಲಿಮೀಟರ್ ಅಂತರದ ಓರೆಗೆರೆ ಸಾಕು. ಅದಕ್ಕಿಂತ ಒತ್ತಾಗಿ ಹಾಕಿದರೆ ಚಿತ್ರವನ್ನು ಅರ್ಧಕ್ಕೆ ಇಳಿಸಿ ಅಚ್ಚುಮಾಡಿದಾಗ ಗೆರೆಗಳೆಲ್ಲ ಕೂಡಿ ಮಸಿಯಾಗಿಬಿಡುತ್ತವೆ. ಕಣ್ಣಿನ ಸುತ್ತ ಕೂದಲೆಳೆಯಷ್ಟು ಬಿಳಿ ಉಳಿಸದಿದ್ದರೆ ಕಣ್ಣೇ ಮಾಯ. ಕೊಕ್ಕು ಗಿಡ್ಡವಾದರೆ ಮೈನಾ, ಹೊಟ್ಟೆ ಉಬ್ಬಿದರೆ ಕೋಳಿ. ಕಾಲನ್ನು ಒಣಗುತ್ತಾ ಬಂದ ಕುಂಚದ ಮೊನೆಯಲ್ಲಿ ಎಳೆಯಿರಿ, ಗೆರೆ ಒರಟಾಗಿ ಬಂದು ಹಕ್ಕಿಗಾಲಿಗೆ ಒಪ್ಪುತ್ತದೆ.

ಕುಂಚದಲ್ಲಿ ಇನ್ನೂ ಎಷ್ಟು ಸಣ್ಣ ಗೆರೆ ಸಾಧ್ಯ ಎಂದು ತಿಳಿಯಲು ಜಗನ್ಮೋಹನ ಅರಮನೆಗೆ ಹೋಗಿ ಸಾಂಪ್ರದಾಯಿಕ ಮೈಸೂರು ಚಿತ್ರಗಳ ರೆಪ್ಪೆ, ಬೆರಳುಗಳನ್ನು ನೋಡಿ. ಆ ಪರಂಪರೆಯ ಕಲಾವಿದರು ಹುಣಿಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಹಾಕಿಕೊಂಡು, ಅಳಿಲಿನ ಕೂದಲಿನ ಕುಂಚದಲ್ಲಿ ಬರೆಯುತ್ತಿದ್ದರು.

ಪೆನ್ಸಿಲ್ ಗುರುತು ಅಳಿಸಲು ಒಂದು ಗಂಟೆಯಾದರೂ ಕಾಯಿರಿ. ದಪ್ಪ ಕಪ್ಪು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ರಬ್ಬರು ತಾಗಿದರೆ ಕಾಗದವೆಲ್ಲ ಮಸಿ. ಸಣ್ಣ ತಪ್ಪಿಗೆ ಬಿಳಿ ಪೋಸ್ಟರ್ ಬಣ್ಣವಾಗುತ್ತದೆ, ಆದರೆ ಅದರ ಮೇಲೆ ಮತ್ತೆ ಇಂಕು ಎಳೆದರೆ ಹರಡೀತು. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ಜಗುಲಿಯ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ; ಬೆಳಕು ಬಿದ್ದರೆ ಇಂಡಿಯನ್ ಇಂಕು ಮಿಂಚಿ ಕಪ್ಪೆಲ್ಲ ಬೂದಾಗಿ ಕಾಣುತ್ತದೆ.