ಬಾಗಲಕೋಟೆ ಹಿನ್ನೀರಿನ ಪರೀಕ್ಷೆ: ನಾವು ಮಾಡುವ ಕ್ರಮ

ಬಾಗಲಕೋಟೆಯ ಹಳೇ ಊರಿನ ಬದಿಗೆ ನಿಲ್ಲುವುದು ಘಟಪ್ರಭೆಯ ನೀರೇ ಆದರೂ ಅದು ಏರುವುದು ಇಳಿಯುವುದು ಆಲಮಟ್ಟಿ ಜಲಾಶಯದ ಲೆಕ್ಕದಲ್ಲಿ. ಜಲಾಶಯ ತುಂಬಿದಾಗ ಮಟ್ಟ 519.60 ಮೀಟರ್. ಬೇಸಿಗೆಗೆ ನೀರು ಹಿಂದೆ ಸರಿದು, ದೋಣಿ ಹೋಗುತ್ತಿದ್ದ ಕಡೆ ಎರೆಮಣ್ಣಿನ ರಾಡಿ ಉಳಿಯುತ್ತದೆ. ಹಾಗಾಗಿ ನಮ್ಮ ಸ್ವಯಂಸೇವಕರ ವಹಿಯಲ್ಲಿ ಮೊದಲು ಬರೆಯುವುದು ಅವತ್ತಿನ ಜಲಾಶಯದ ಮಟ್ಟ. ಪತ್ರಿಕೆಯಲ್ಲಿ ಬರುತ್ತದೆ, ನೋಡಿ ಬರೆದುಕೊಂಡರಾಯಿತು. ಎರಡನೆಯದು ಸ್ಯಾಂಪಲ್ ತೆಗೆದ ಗಂಟೆ.

ಈ ಗಂಟೆಯನ್ನು ಹಗುರವಾಗಿ ತಗೊಳ್ಳಬೇಡಿ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. 30 ಡಿಗ್ರಿ ಶಾಖದಲ್ಲಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ, ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಮಧ್ಯಾಹ್ನ ಅಳೆದಾಗ 10 ಮಿಲಿಗ್ರಾಂ ಬಂತೆಂದು ಖುಷಿಪಟ್ಟರೆ ಕೆಟ್ಟಿರಿ, ಅಷ್ಟು ಬರುವುದು ಪಾಚಿ ವಿಪರೀತ ಬೆಳೆದಾಗ. ಮೀನು ಸಾಯುವುದು ನಸುಕಿನಲ್ಲಿ. ಅದಕ್ಕೇ ಪ್ರತಿ ಸಲ ಸೂರ್ಯ ಹುಟ್ಟುವ ಹೊತ್ತಿಗೆ ಸ್ಯಾಂಪಲ್ ತೆಗೆಯುತ್ತೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನಿಗೆ ಕನಿಷ್ಠ 4, ಸ್ನಾನಕ್ಕೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ನಸುಕಿನ ಅಂಕಿಯನ್ನೇ ಇದಕ್ಕೆ ಹೋಲಿಸಿ ನೋಡಬೇಕು.

ದಂಡೆಯ ನೀರು ಇಡೀ ಹಿನ್ನೀರಿನ ಗುಣ ಹೇಳುವುದಿಲ್ಲ. ಗಾಳಿ ಬೀಸಿದ ಕಡೆಗೆ ನೊರೆ, ಅಂತರಗಂಗೆ ಎಲ್ಲ ಬಂದು ಕೂಡುತ್ತವೆ. ದೋಣಿ ಸಿಕ್ಕರೆ ಒಳಗೆ ಹೋಗಿ, ಇಲ್ಲವಾದರೆ ಸೇತುವೆ ಮೇಲಿಂದ ಕಲ್ಲು ಕಟ್ಟಿದ ಬಕೆಟ್ ಇಳಿಸಿ. ರಾಡಿಯಲ್ಲಿ ಇಳಿಯಲೇಬೇಡಿ, ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಣಕಾಲು ಹೂತುಹೋಗುತ್ತದೆ. ಒಬ್ಬರೇ ಹೋಗುವುದಂತೂ ಬೇಡವೇ ಬೇಡ, ದೋಣಿಯಲ್ಲಿ ಲೈಫ್ ಜಾಕೆಟ್ ಇರಲಿ.

ಆಮ್ಲಜನಕಕ್ಕೆ ನಾವು ನಂಬುವುದು ವಿಂಕ್ಲರ್ ವಿಧಾನ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕ ಹಾಕಿ ಅಳೆಯುವ ಕ್ರಮ. 300 ಮಿಲಿಯ ಬಿಒಡಿ ಬಾಟಲಿಗೆ (ಈ ಪರೀಕ್ಷೆಗೆ ಬಳಸುವ, ಬಿರಡೆ ಇರುವ ಗಾಜಿನ ಬಾಟಲಿ) ನೀರನ್ನು ಬಕೆಟಿನಿಂದ ಸುರಿಯಬಾರದು, ಸುರಿದರೆ ಗಾಳಿ ಬೆರೆತು ಕೆಟ್ಟ ನೀರೂ ಒಳ್ಳೆಯದಾಗಿ ಕಾಣುತ್ತದೆ. ರಬ್ಬರ್ ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಬಾಟಲಿ ಎರಡು ಮೂರು ಸಲ ತುಂಬಿ ಹೊರಚೆಲ್ಲುವಷ್ಟು ಹರಿಸಿ. ಪಿಪೆಟ್ ತುದಿ ನೀರಿನೊಳಗೇ ಇಟ್ಟು 2 ಮಿಲಿ ಮ್ಯಾಂಗನೀಸ್ ಸಲ್ಫೇಟ್, ನಂತರ 2 ಮಿಲಿ ಆಲ್ಕಲಿ-ಅಯೋಡೈಡ್-ಅಜೈಡ್ ದ್ರಾವಣ ಹಾಕಿ, ಗುಳ್ಳೆ ಉಳಿಯದಂತೆ ಬಿರಡೆ ಮುಚ್ಚಿ ಹತ್ತು ಹದಿನೈದು ಸಲ ತಲೆಕೆಳಗು ಮಾಡಿ. ಕಂದು ಬಣ್ಣದ ಗಷ್ಟು (ಗಸಿ) ಬಂದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ಚರಂಡಿ ಸೇರುವ ಬಾಯಲ್ಲಿ ಬೆಳ್ಳನೆಯ ಗಷ್ಟು ಕಂಡಾಗ ಮುಂದಿನ ಲೆಕ್ಕವೇ ಬೇಕಾಗುವುದಿಲ್ಲ.

ಗಷ್ಟು ಅರ್ಧಕ್ಕೆ ಇಳಿದ ಮೇಲೆ 2 ಮಿಲಿ ಗಂಧಕಾಮ್ಲ ಹಾಕಿ ಕರಗಿಸಿ. ಹೀಗೆ ಮಾಡಿದ ಬಾಟಲಿಯನ್ನು ಕತ್ತಲಲ್ಲಿಟ್ಟು ಮನೆಗೆ ತಂದು ಕೆಲವು ಗಂಟೆಯೊಳಗೆ ಟೈಟ್ರೇಟ್ ಮಾಡಬಹುದು, ಅಂದರೆ ಸತ್ವ ಗೊತ್ತಿರುವ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು ಅಳೆಯಬಹುದು. ಬಾಟಲಿಯ ದ್ರಾವಣದಲ್ಲಿ 203 ಮಿಲಿ ಅಳೆದುಕೊಂಡು 0.025 ನಾರ್ಮಲ್ ಸತ್ವದ ಹೈಪೋ (ಸೋಡಿಯಂ ಥಯೋಸಲ್ಫೇಟ್) ಬಿಡುತ್ತಾ ಹೋಗಿ. ತಿಳಿ ಹುಲ್ಲಿನ ಬಣ್ಣಕ್ಕೆ ಬಂದಾಗ ಮಾತ್ರ ಸ್ಟಾರ್ಚ್ ಹಾಕಬೇಕು, ಆಗ ನೀಲಿಯಾಗುತ್ತದೆ. ಮೊದಲೇ ಹಾಕಿದರೆ ನೀಲಿ ಬಿಡಲು ಸತಾಯಿಸುತ್ತದೆ. ನೀಲಿ ಮಾಯವಾದ ಗಳಿಗೆಯ ಬ್ಯುರೆಟ್ ಅಂಕಿಯೇ ಉತ್ತರ: 1 ಮಿಲಿಗೆ ಲೀಟರಿಗೆ 1 ಮಿಲಿಗ್ರಾಂ. ಸ್ವಲ್ಪ ಹೊತ್ತಿಗೆ ನೀಲಿ ಮರಳಿ ಬಂದರೆ ಆ ನೀಲಿಯನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಹೈಪೋ ಮಾಡಲು 6.205 ಗ್ರಾಂ ಹರಳನ್ನು ಕುದಿಸಿ ಆರಿಸಿದ 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸುತ್ತೇವೆ. ದಿನ ಕಳೆದಂತೆ ಇದರ ಸತ್ವ ಇಳಿಯುತ್ತದೆ, ಹಾಗಾಗಿ ಸತ್ವ ಗೊತ್ತಿರುವ ಡೈಕ್ರೋಮೇಟ್ ದ್ರಾವಣದ ಜೊತೆ ಮತ್ತೆ ಮತ್ತೆ ತಾಳೆ ನೋಡಲೇಬೇಕು.

ನೀರು ಆಮ್ಲವೋ ಕ್ಷಾರವೋ ಅಳೆಯುವ ಪಿಎಚ್ ಮೀಟರನ್ನು 7 ಮತ್ತು 9.2 ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಸರಿಮಾಡಿ. ನಮ್ಮ ನೀರು ಕ್ಷಾರದ ಕಡೆಗೇ ಇರುವುದರಿಂದ 4ರ ಬಫರ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಪದಾರ್ಥ) ಬದಲು ವಿದ್ಯುತ್ ವಾಹಕತೆಯನ್ನೇ ಬರೆಯಿರಿ. ಒಂದು ಮೀಟರ್ ಈ ವಾಹಕತೆಯನ್ನು 0.5ರಿಂದ, ಇನ್ನೊಂದು 0.7ರಿಂದ ಗುಣಿಸಿ ಟಿಡಿಎಸ್ ತೋರಿಸುತ್ತದೆ, ಆಮೇಲೆ ಇಬ್ಬರು ಸ್ವಯಂಸೇವಕರ ನಡುವೆ ವಾದ ಹತ್ತುತ್ತದೆ. ನೈಟ್ರೇಟ್ ಅಳೆಯುವ ಕಾಗದದ ಪಟ್ಟಿಯ ಡಬ್ಬಿ ಮೇಲೆ ಅಂಕಿ ನೈಟ್ರೇಟಿನದೋ ಅದರೊಳಗಿನ ನೈಟ್ರೋಜನ್ನದೋ ನೋಡಿಕೊಳ್ಳಿ. ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ ಎಂಬುದು ನೈಟ್ರೇಟಿನ ಲೆಕ್ಕ, ನೈಟ್ರೋಜನ್ ಲೆಕ್ಕದಲ್ಲಿ ಅದೇ ಸುಮಾರು 10.

ಎಚ್‌2ಎಸ್ ಬಾಟಲಿ (ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿ) ಬಾವಿ, ನಲ್ಲಿ ನೀರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಿನ್ನೀರು ತುಂಬಿಸಿದರೆ ಹೆಚ್ಚುಕಡಿಮೆ ಯಾವಾಗಲೂ ಕಪ್ಪಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. 20 ಮಿಲಿ ಬಾಟಲಿಗೆ 2 ಮಿಲಿ ಸ್ಯಾಂಪಲ್ ಹಾಕಿ, ಉಳಿದದ್ದಕ್ಕೆ ಕುದಿಸಿ ಆರಿಸಿದ ನೀರು ಸೇರಿಸಿದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಫರಕು ಕಾಣತೊಡಗುತ್ತದೆ. ಚಳಿಗಾಲದ ರಾತ್ರಿ ಬಾಟಲಿಗಳನ್ನು ಬಿಸಿನೀರಿನ ಸೀಸೆಯ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿಡಿ, ತಂಪಾದರೆ ಕಪ್ಪಾಗಬೇಕಾದದ್ದೂ ಆಗುವುದಿಲ್ಲ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿಟ್ಟು ಮರುದಿನ ಚೆಲ್ಲಬೇಕು.

ವಿಂಕ್ಲರಿನ ಉಳಿಕೆಯನ್ನು ಮಾತ್ರ ಬ್ಲೀಚಿಂಗ್ ಜೊತೆ ಕೂಡಿಸಬೇಡಿ. ಅಜೈಡ್ ವಿಷ, ಆಮ್ಲ ಬೆರೆತರೆ ವಿಷಾನಿಲ ಬಿಡುತ್ತದೆ. ಅದಕ್ಕೆಂದೇ ಇಟ್ಟ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಗಾಳಿಯಾಡುವ ಕಡೆ ಇಟ್ಟು, ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಒಪ್ಪಿಸುತ್ತೇವೆ. ಈ ಹಂತಕ್ಕೆ ಶಾಲೆ ಮಕ್ಕಳನ್ನು ಸೇರಿಸುವುದಿಲ್ಲ. ಮಟ್ಟ, ಗಂಟೆ, ತಾಪ ಬರೆದುಕೊಳ್ಳುವ ಕೆಲಸ ಅವರದು.