ದೂರದ ಸವಾರಿಗೆ ಸೈಕಲ್ ಆರಿಸುವುದು, ಅಣಿಗೊಳಿಸುವುದು ಹೇಗೆ?

ಬೆಳಗಿನ ಜಾವ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹೆಲ್ಮೆಟ್ ತೊಟ್ಟ ಸೈಕಲ್ ಸವಾರರನ್ನು ಕಾಣುವುದು ಮೈಸೂರಿನವರಿಗೆ ಈಗ ಮಾಮೂಲು. ಬೆಟ್ಟ ಹತ್ತಿ ಇಳಿದು, ಮನೆಗೆ ಹೋಗಿ ಸ್ನಾನ ಮಾಡಿ ಕೆಲಸಕ್ಕೆ ಹೊರಡುವವರೇ ಇವರಲ್ಲಿ ಹೆಚ್ಚು. ಹೀಗೆ ಒಂದೆರಡು ವರ್ಷ ತುಳಿದವರಲ್ಲಿ ಕೆಲವರಿಗೆ ‘ಬ್ರೆವೆ’ಯ ಆಸೆ ಹುಟ್ಟುತ್ತದೆ. ನಿಗದಿತ ದೂರವನ್ನು ನಿಗದಿತ ಸಮಯದೊಳಗೆ, ಬೇರೆ ವಾಹನದ ಬೆಂಬಲವಿಲ್ಲದೆ, ಸ್ವಂತ ಬಲದಿಂದ ಮುಗಿಸುವ ಸವಾರಿ ಇದು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ‘ಸೂಪರ್ ರಾಂಡನರ್’. ನಿಯಮಗಳು ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್‌ನವು. ಇವೆಲ್ಲಕ್ಕೂ ಮೂಲವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1891ರಲ್ಲಿ ಶುರುವಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರ ದೂರ ಸುಮಾರು 1,200 ಕಿ.ಮೀ., ಗರಿಷ್ಠ ಸಮಯ 90 ಗಂಟೆ.

ಅಂಗಡಿಗೆ ಹೋಗುವ ಮುನ್ನ ಈ ಅಂಕಿಗಳನ್ನೇ ಒಮ್ಮೆ ಲೆಕ್ಕ ಹಾಕಿ ನೋಡಿ. ಊಟ, ನಿದ್ದೆ, ಪಂಚರ್ ಎಲ್ಲ ಸೇರಿಸಿದರೂ ಗಂಟೆಗೆ 15 ಕಿ.ಮೀ. ಸರಾಸರಿ ಬಂದರೆ ಸಾಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿಯುವವರು 200 ಕಿ.ಮೀ.ಯನ್ನು ಹತ್ತು ಗಂಟೆಯಲ್ಲಿ ಮುಗಿಸುತ್ತಾರೆ, ಮೂರೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಮೊದಲ ಬಹುಮಾನ, ಎರಡನೇ ಬಹುಮಾನ ಇಲ್ಲ. ಸೈಕಲ್ ಅರ್ಧ ಕಿಲೋ ಹಗುರವಾದರೆ ಉಳಿಯುವುದು ಕೆಲವೇ ನಿಮಿಷ. ಕೈ ಜೋಮು ಹಿಡಿದು, ಕೂರಲಾಗದೆ, ಇಪ್ಪತ್ತು ಕಿ.ಮೀ.ಗೊಮ್ಮೆ ಇಳಿದು ನಿಂತರೆ ಗಂಟೆಗಳೇ ಹೋಗುತ್ತವೆ. ಹಾಗಾಗಿ ಹದಿನೆಂಟನೇ ಗಂಟೆಯಲ್ಲೂ ಮೈಗೆ ಒಗ್ಗುವ, ರಸ್ತೆ ಬದಿಯಲ್ಲಿ ನೀವೇ ರಿಪೇರಿ ಮಾಡಿಕೊಳ್ಳಬಹುದಾದ ಸೈಕಲ್ಲೇ ಒಳ್ಳೆಯ ಸೈಕಲ್. ಮುಂದಿನ ಆಯ್ಕೆಗಳೆಲ್ಲ ಈ ಲೆಕ್ಕದಿಂದಲೇ ಹುಟ್ಟುತ್ತವೆ.

ಹಂತ 1: ಯಾವ ಸೈಕಲ್?

ಮನೆಯಲ್ಲಿ ಈಗಾಗಲೇ ಗೇರ್ ಇರುವ ಹೈಬ್ರಿಡ್ ಸೈಕಲ್ ಇದ್ದರೆ ಮೊದಲ 200ಕ್ಕೆ ಹೊಸದು ಕೊಳ್ಳಬೇಡಿ. ಅದರಲ್ಲೇ ಹೋಗಿ ಬನ್ನಿ. ಮೌಂಟನ್ ಬೈಕ್ ಇದ್ದರೂ ಆದೀತು. ಗುಬುಟು ಗುಬುಟಾದ ಟೈರು ತೆಗೆಸಿ ನುಣುಪಾದ, ಸಪೂರ ಟೈರು ಹಾಕಿಸಿ. ಮುಂದಿನ ಶಾಕ್ ಲಾಕ್ ಆಗುವಂತಿದ್ದರೆ ಲಾಕ್ ಮಾಡಿಬಿಡಿ.

300 ದಾಟಿದ ಮೇಲೆ ನೇರ ಹ್ಯಾಂಡಲ್‌ನ ಕಷ್ಟ ಗೊತ್ತಾಗುತ್ತದೆ. ಅದರಲ್ಲಿ ಕೈ ಇಡಲು ಒಂದೇ ಜಾಗ. ಬಾಗಿದ ಡ್ರಾಪ್ ಹ್ಯಾಂಡಲ್‌ನಲ್ಲಿ ಮೂರ್ನಾಲ್ಕು ಜಾಗವಿರುವುದರಿಂದ ಅಂಗೈ, ಭುಜ, ಬೆನ್ನು ಸರದಿಯಂತೆ ವಿಶ್ರಾಂತಿ ಪಡೆಯುತ್ತವೆ. ಆದರೆ ಡ್ರಾಪ್ ಹ್ಯಾಂಡಲ್ ಇದ್ದ ಮಾತ್ರಕ್ಕೆ ಅದು ದೂರದ ಸೈಕಲ್ ಆಗುವುದಿಲ್ಲ. ರೇಸಿಗೆಂದೇ ಮಾಡಿದ ಸೈಕಲ್‌ನಲ್ಲಿ ಹ್ಯಾಂಡಲ್ ತಗ್ಗಿನಲ್ಲಿರುತ್ತದೆ, ಸವಾರ ಬಗ್ಗಿಯೇ ಇರಬೇಕು. ‘ಎಂಡ್ಯೂರೆನ್ಸ್’ ಅಥವಾ ‘ಗ್ರಾವೆಲ್’ ಮಾದರಿಯಲ್ಲಿ ಹ್ಯಾಂಡಲ್ ಎತ್ತರ, ಚಕ್ರಗಳ ನಡುವಿನ ಅಂತರ ತುಸು ಹೆಚ್ಚು. ದೂರಕ್ಕೆ ಹೊಂದುವುದು ಇವೇ.

ಕೊಳ್ಳುವಾಗ ಮೂರು ಸಂಗತಿ ಕಣ್ಣಾರೆ ನೋಡಿ. ಫ್ರೇಮಿನಲ್ಲಿ 32 ಮಿ.ಮೀ. ಟೈರು ಸಲೀಸಾಗಿ ತಿರುಗುವಷ್ಟು ಜಾಗ ಇದೆಯೇ? ಮಡ್ಗಾರ್ಡ್ ಮತ್ತು ಕ್ಯಾರಿಯರ್ ಕೂರಿಸಲು ಸ್ಕ್ರೂ ತೂತುಗಳಿವೆಯೇ? ಚಕ್ರಕ್ಕೆ ಸ್ಪೋಕ್ ಎಷ್ಟು? 32 ಸ್ಪೋಕ್ ಇದ್ದರೆ ಒಂದು ಮುರಿದರೂ ನಿಧಾನವಾಗಿ ಮುಂದಿನ ಊರು ಸೇರಬಹುದು; 20 ಇದ್ದರೆ ಚಕ್ರ ಕೂಡಲೇ ಬೆಂಡಾಗಿ ಬ್ರೇಕಿಗೋ ಫ್ರೇಮಿಗೋ ಉಜ್ಜುವ ಸಂಭವ ಹೆಚ್ಚು. ಮಡಿಕೇರಿ ಕಡೆಯ ಮಳೆ, ಇಳಿಜಾರು ನೆನೆದರೆ ಡಿಸ್ಕ್ ಬ್ರೇಕ್ ಒಳ್ಳೆಯದು. ಕೇಬಲ್‌ನಿಂದ ಎಳೆಯುವ ಡಿಸ್ಕ್ ಆದರೆ ದಾರಿಯಲ್ಲೇ ಕೇಬಲ್ ಬದಲಿಸಿಕೊಳ್ಳಬಹುದು. ಕಾರ್ಬನ್ ಫ್ರೇಮಿಗೆ ಹಾಕುವ ಹೆಚ್ಚಿನ ದುಡ್ಡನ್ನು ಅಲ್ಯೂಮಿನಿಯಂ ಅಥವಾ ಉಕ್ಕಿನ ಫ್ರೇಮ್ ಕೊಂಡು ಟೈರು, ಲೈಟು, ಸೀಟಿಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 2: ಅಳತೆ

ಇದಕ್ಕೆ ಕೊಡುವ ಸಮಯ ಬೇರೆ ಯಾವುದಕ್ಕೂ ಕೊಡಬೇಕಾಗಿಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಆಯಿತು. ಎರಡೂ ಪೆಡಲ್‌ಗಳ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಇದು. ಇದು ಆರಂಭದ ಅಳತೆ ಮಾತ್ರ, ಉಳಿದದ್ದನ್ನು ಮೈಯೇ ಹೇಳುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ. ಮಂಡಿಯ ಹಿಂಭಾಗ ಎಳೆಯುತ್ತಿದ್ದರೆ, ತುಳಿಯುವಾಗ ಸೊಂಟ ಆ ಕಡೆ ಈ ಕಡೆ ವಾಲುತ್ತಿದ್ದರೆ ಸೀಟು ಎತ್ತರವಾಗಿದೆ. ಒಮ್ಮೆಗೆ ಎರಡು ಮೂರು ಮಿ.ಮೀ. ಮಾತ್ರ ಬದಲಿಸಿ, ಒಂದೆರಡು ಸವಾರಿ ನೋಡಿ, ಆಮೇಲೆ ಮುಂದಿನ ಬದಲಾವಣೆ. ಸರಿಹೋದ ದಿನ ಸೀಟಿನ ಕಂಬಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುವುದು ದೂರದ ಸವಾರರಲ್ಲಿ ಬಹಳ ಸಾಮಾನ್ಯ. ಅಂಗೈಯ ಹೊರ ಅಂಚಿನ ನರ ಒತ್ತಿಹೋಗುವುದೇ ಕಾರಣ. ಗ್ಲೌಸ್ ಬದಲಿಸುವ ಮೊದಲು ಸೀಟಿನ ಮೂಗು ಕೆಳಗೆ ಬಾಗಿದೆಯೇ, ಹ್ಯಾಂಡಲ್ ತೀರಾ ದೂರವಿದೆಯೇ ಎಂದು ನೋಡಿ. ಮೈಭಾರವೆಲ್ಲ ಕೈಮೇಲೆ ಬೀಳುತ್ತಿದ್ದರೆ ಯಾವ ಗ್ಲೌಸೂ ಕಾಪಾಡದು.

ಸೀಟು ಮೆತ್ತಗಿದ್ದಷ್ಟೂ ಸುಖ ಎಂಬ ನಂಬಿಕೆ ಐವತ್ತು ಕಿ.ಮೀ.ವರೆಗೆ ನಿಲ್ಲುತ್ತದೆ. ಆಮೇಲೆ ಜೆಲ್ ಸೀಟಿನೊಳಗೆ ಮೈ ಹೂತು, ಒತ್ತಡ ಬೀಳಬಾರದ ಜಾಗದಲ್ಲಿ ಬೀಳುತ್ತದೆ. ಕೂರುವಾಗ ನೆಲಕ್ಕೆ ತಾಗುವ ಎರಡು ಮೂಳೆಗಳಿಗೆ ಆಧಾರ ಕೊಡುವಷ್ಟು ಅಗಲವಿರುವ, ತುಸು ಗಟ್ಟಿಯಾದ ಸೀಟು ಬೇಕು. ಆ ಅಗಲ ಒಬ್ಬೊಬ್ಬರಿಗೆ ಒಂದೊಂದು, ಸಾಮಾನ್ಯವಾಗಿ ಹೆಂಗಸರಿಗೆ ಹೆಚ್ಚು. ಗೆಳೆಯರ ಸೀಟು ನಿಮಗೆ ಆಗಲೇಬೇಕೆಂದಿಲ್ಲ. ಪ್ಯಾಡ್ ಇರುವ ಚಡ್ಡಿಯನ್ನು ಒಳ ಉಡುಪಿಲ್ಲದೆಯೇ ತೊಡಬೇಕು, ಇಲ್ಲದಿದ್ದರೆ ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ.

ಹಂತ 3: ಟೈರು, ಮತ್ತು ನಮ್ಮ ರಸ್ತೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆ, ಇಲ್ಲವೇ ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಎಚ್.ಡಿ. ಕೋಟೆ ಕಡೆಯ ರಸ್ತೆಗಳೇ ನಮ್ಮ ಅಭ್ಯಾಸದ ಹಾದಿ. ಇಲ್ಲಿ 23 ಮಿ.ಮೀ. ಟೈರು ತಂದರೆ ಗುಂಡಿ, ಹಂಪು, ಜಲ್ಲಿಯ ಪ್ರತಿ ಪೆಟ್ಟೂ ಬೆನ್ನಿಗೇ ಬರುತ್ತದೆ. 28ರಿಂದ 32 ಮಿ.ಮೀ. ಹಾಕಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ. ಅಷ್ಟು ಗಾಳಿ ಹೊಡೆಯಲೇಬೇಕೆಂದಲ್ಲ. 70 ಕೆ.ಜಿ. ತೂಕದವರಿಗೆ 32 ಮಿ.ಮೀ. ಟೈರಿನಲ್ಲಿ 55ರಿಂದ 65 ಪಿಎಸ್‌ಐ ಸಾಕು, ಮುಂದಿನ ಚಕ್ರಕ್ಕೆ ಇನ್ನೂ ನಾಲ್ಕೈದು ಕಡಿಮೆ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದ ಟೈರು ಪುಟಿಯುತ್ತದೆ, ನಿಮ್ಮ ಶಕ್ತಿ ಮೈ ಕುಲುಕುವುದರಲ್ಲೇ ಕಳೆದುಹೋಗುತ್ತದೆ.

ನಮ್ಮ ಪಂಚರ್‌ಗಳಿಗೆ ಮುಖ್ಯ ಕಾರಣ ಎರಡು: ಜಾಲಿಮುಳ್ಳು, ಮತ್ತು ಒಡೆದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿ. ಈ ತಂತಿ ಕಣ್ಣಿಗೆ ಕಾಣದು. ಟ್ಯೂಬ್ ಬದಲಿಸುವಾಗ ಟೈರಿನ ಒಳಗೋಡೆಯ ಮೇಲೆ ಬಟ್ಟೆ ಸುತ್ತಿದ ಬೆರಳನ್ನು ಪೂರ್ತಿ ಒಂದು ಸುತ್ತು ಆಡಿಸಿ. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿ ಇರುತ್ತದೆ, ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಗಂಟೆಯಲ್ಲಿ ಮತ್ತದೇ ಕತೆ. ಹಳ್ಳಿಯ ಪಂಚರ್ ಅಂಗಡಿಯವರು ಪ್ಯಾಚ್ ಚೆನ್ನಾಗಿಯೇ ಹಾಕಿಕೊಡುತ್ತಾರೆ. ಆದರೆ ರೋಡ್ ಸೈಕಲ್‌ಗಳಲ್ಲಿರುವ ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವಿಗೆ ಅವರ ಪಂಪು ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಂಡಿದ್ದರೆ ಯಾವ ಊರಿನಲ್ಲಾದರೂ ಗಾಳಿ ಸಿಗುತ್ತದೆ.

ಇನ್ನೊಂದು ಅಪಾಯವನ್ನು ಪರದೇಶದ ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಚಳಿಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡುತ್ತಾರೆ. ಅದರ ಮೇಲೆ ತುಳಿಯುತ್ತಾ ಹೋದರೆ ಹುರುಳಿ ಬಳ್ಳಿ ಹಿಂದಿನ ಗೇರಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಳ್ಳುತ್ತದೆ. ಚೈನು ಬಿಗಿಯುತ್ತದೆ, ಆ ಗಾಲಿಗಳನ್ನು ಹೊತ್ತು ಗೇರು ಬದಲಿಸುವ ಡೀರೇಲರ್ ಸ್ಪೋಕಿನೊಳಕ್ಕೆ ಎಳೆದುಕೊಳ್ಳುತ್ತದೆ, ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ತುಂಡು ಟಕ್ಕೆಂದು ಮುರಿಯುತ್ತದೆ. ಅಲ್ಲಿಗೆ ಸವಾರಿ ಮುಗಿಯಿತು. ಒಕ್ಕಣೆ ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ, ಇನ್ನೊಂದು ಸೈಕಲ್‌ನದು ನಿಮ್ಮದಕ್ಕೆ ಹೊಂದುವುದು ಅಪರೂಪ. ಸೈಕಲ್ ಕೊಂಡ ದಿನವೇ ಎರಡು ಹೆಚ್ಚುವರಿ ಕೇಳಿ ಪಡೆದು ಒಂದನ್ನು ಸದಾ ಚೀಲದಲ್ಲಿಡಿ.

ಹಂತ 4: ಗೇರು

ಮುಂದಿನ ಎರಡು ಹಲ್ಲುಚಕ್ರಗಳಿಗೆ 50 ಮತ್ತು 34 ಹಲ್ಲು, ಹಿಂದಿನವಕ್ಕೆ 11ರಿಂದ 34ರವರೆಗೆ ಇದ್ದರೆ ದಕ್ಷಿಣ ಕರ್ನಾಟಕದ ಬಹುತೇಕ ಏರುಗಳಿಗೆ ಸಾಕು. ಮುಂದಿನ 34ಕ್ಕೆ ಹಿಂದಿನ 34 ಹಾಕಿದಾಗ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಪರೀಕ್ಷೆಗೆ ಚಾಮುಂಡಿ ಬೆಟ್ಟವೇ ಇದೆ, ಊರಿನಿಂದ ಹೆಚ್ಚು ಕಡಿಮೆ 300 ಮೀಟರ್ ಎತ್ತರ. ಬೆಳಿಗ್ಗೆ ಎದ್ದು ಹೊಸ ಕಾಲಲ್ಲಿ ಹತ್ತಿದರೆ ಅದು ಪರೀಕ್ಷೆಯಲ್ಲ. ನಂಜನಗೂಡು, ಗುಂಡ್ಲುಪೇಟೆವರೆಗೆ ಹೋಗಿ ಬಂದು, ಚೀಲಗಳ ಭಾರದೊಂದಿಗೆ ಹತ್ತಿ. ಆಗಲೂ ಕೂತೇ ತುಳಿಯಲಾದರೆ ಗೇರು ಸರಿಯಿದೆ.

ಹಂತ 5: ಬೆಳಕು

ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಕತ್ತಲೆ. 300ರಿಂದ ಮೇಲಿನ ಯಾವ ಬ್ರೆವೆಯಲ್ಲೂ ರಾತ್ರಿ ತಪ್ಪದು. ಮುಂದೆ, ಹಿಂದೆ ಲೈಟು, ಬೆಳಕು ಪ್ರತಿಫಲಿಸುವ ಜಾಕೆಟ್ ಕಡ್ಡಾಯ. ನಾನಾದರೆ ಎರಡೂ ಲೈಟು ಜೋಡಿಯಾಗಿರಲಿ ಎನ್ನುತ್ತೇನೆ. ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ದಿನಗಳಲ್ಲಿ ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿಗಳು ರಾತ್ರಿಯಿಡೀ ಕಾರ್ಖಾನೆಗೆ ಸಾಗುತ್ತವೆ. ನೀವು ಇತರರಿಗೆ ಕಾಣುವಷ್ಟೇ ಮುಖ್ಯ, ಅವು ನಿಮಗೆ ಕಾಣುವುದು. ಮುಂದಿನ ಲೈಟು ಕನಿಷ್ಠ 400 ಲ್ಯೂಮೆನ್ ಇರಲಿ. ಪೆಟ್ಟಿಗೆಯ ಮೇಲೆ ಬರೆದ ಗಂಟೆಗಳನ್ನು ನಂಬದೆ ಮನೆಯಲ್ಲೇ ಹಚ್ಚಿಟ್ಟು ಎಷ್ಟು ಹೊತ್ತು ಉರಿಯುತ್ತದೆಂದು ನೋಡಿ. ಹಿಂದಿನದು ಮಿಣುಕದೆ ಸ್ಥಿರವಾಗಿ ಉರಿಯಲಿ, ಮಿಣುಕುವ ದೀಪ ಹಿಂದೆ ಬರುವವರ ಕಣ್ಣು ಕುಕ್ಕುತ್ತದೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ಅಭ್ಯಾಸದ ಯೋಜನೆಯಲ್ಲಿ ಮರೆಯಬೇಡಿ.

ಹಂತ 6: ಚೀಲ

ಎರಡು ಟ್ಯೂಬ್, ಪ್ಯಾಚ್, ಸೊಲ್ಯೂಷನ್, ಟೈರ್ ಲಿವರ್, ಕೈಪಂಪು, ಚೈನ್ ಕತ್ತರಿಸುವ ಸಾಧನವಿರುವ ಮಲ್ಟಿಟೂಲ್, ಚೈನಿನ ಜೋಡಣೆ ಕೊಂಡಿ, ಹ್ಯಾಂಗರ್, ಗೇರ್ ಕೇಬಲ್, ನಾಲ್ಕು ಜಿಪ್ ಟೈ, ಟೈರು ಸೀಳಿದರೆ ಒಳಗಿಡಲು ಹಳೇ ಟೈರಿನ ತುಂಡು. ಪವರ್ ಬ್ಯಾಂಕ್. ಭಾರದ್ದೆಲ್ಲ ಫ್ರೇಮಿನ ನಡುವೆ ಇರಲಿ, ಸೀಟಿನ ಹಿಂದೆ ತೂಗಾಡದಿರಲಿ. ಹ್ಯಾಂಡಲ್ ಹತ್ತಿರದ ಪುಟ್ಟ ಚೀಲ ತಿನ್ನುವುದಕ್ಕೆ: ಬಾಳೆಹಣ್ಣು, ಕಡಲೆ ಮಿಠಾಯಿ, ರಾಗಿ ಹುರಿಹಿಟ್ಟಿನ ಉಂಡೆ.

ಹಂತ 7: ಕೊನೆಯ ಮೂರು ವಾರ

ಚೈನಿನ ಹನ್ನೆರಡು ಪೂರ್ಣ ಕೊಂಡಿಗಳನ್ನು ಸ್ಕೇಲಿನಿಂದ ಅಳೆಯಿರಿ. ಹೊಸ ಚೈನಿನಲ್ಲಿ ಇದು ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೂ ಚೈನು ಬದಲಿಸಿ, ಇಲ್ಲದಿದ್ದರೆ ಹಲ್ಲುಗಳೂ ಸವೆಯುತ್ತವೆ. ಗೇರ್ ಕೇಬಲ್ ಸಾಮಾನ್ಯವಾಗಿ ತುಂಡಾಗುವುದು ಹ್ಯಾಂಡಲ್‌ನಲ್ಲಿರುವ ಗೇರ್ ಲಿವರ್‌ನ ಒಳಗೆ, ಕಣ್ಣಿಗೆ ಕಾಣದ ತಿರುವಿನಲ್ಲಿ, ಒಂದೊಂದೇ ಎಳೆಯಾಗಿ. ಗೇರು ಬೀಳಲು ತಡವಾಗುತ್ತಿದ್ದರೆ ಟ್ಯೂನಿಂಗ್ ತಪ್ಪಿದೆ ಎಂದುಕೊಳ್ಳದೆ ಲಿವರ್ ಮೇಲಿನ ರಬ್ಬರ್ ಸರಿಸಿ ಕೇಬಲ್ ತುದಿ ನೋಡಿ, ಸಂಶಯವಿದ್ದರೆ ಹೊಸದು ಹಾಕಿ. ಚಕ್ರದ ಬೆಂಡು ತೆಗೆಸಿ, ಬ್ರೇಕ್ ಪ್ಯಾಡ್ ಪರೀಕ್ಷಿಸಿ. ಈ ಕೆಲಸಗಳನ್ನೆಲ್ಲ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಪಕ್ಕದಲ್ಲಿ ನಿಂತು ಕಲಿಯಿರಿ. ಆಮೇಲೆ ಪೂರ್ತಿ ಸಾಮಾನು ಹೇರಿಕೊಂಡು ನೂರು ಕಿ.ಮೀ.ಯ ಒಂದು ರಾತ್ರಿ ಸವಾರಿ ಮಾಡಿ. ಸಡಿಲ ಬೋಲ್ಟು, ಮಂಡಿಗೆ ಉಜ್ಜುವ ಚೀಲ, ಬೇಗ ಆರುವ ಲೈಟು ಎಲ್ಲವೂ ಅಂದೇ ಬಯಲಾಗುತ್ತವೆ. ಅದಾದ ಮೇಲೆ ಸೀಟು, ಶೂ, ಚಡ್ಡಿ ಯಾವುದನ್ನೂ ಹೊಸದಾಗಿ ಸೇರಿಸಬೇಡಿ.

ಮೊದಲ 200 ಮುಗಿಸಿದ ರಾತ್ರಿಯೇ ಎಷ್ಟನೇ ಕಿ.ಮೀ.ಯಲ್ಲಿ ಎಲ್ಲಿ ನೋವು ಶುರುವಾಯಿತು, ಯಾವ ಸಾಮಾನು ಕೈಗೆ ಬೇಗ ಸಿಗಲಿಲ್ಲ, ಯಾವುದನ್ನು ಸುಮ್ಮನೆ ಹೊತ್ತಿರಿ ಎಂದು ಬರೆದಿಟ್ಟುಕೊಳ್ಳಿ. ಸೀಟು ಬದಲಿಸಬೇಕೆಂದು ಅನ್ನಿಸಿದರೆ ಅದೇ ವಾರ ಬದಲಿಸಿ. ಹೊಸ ಸೀಟಿಗೆ ಮೈ ಹೊಂದಿಕೊಳ್ಳಲು 300ರ ಮೊದಲು ಕೆಲವು ವಾರಗಳಾದರೂ ಬೇಕು.