ಮಳೆಗಾಲಕ್ಕೆ ಮನೆಯೊಳಗೆ, ಬೇಸಿಗೆಗೆ ಹಿತ್ತಲಿಗೆ: ಪೇಪರ್ ಬ್ಯಾಗ್ ಬಳಸುವ ಬಗೆ

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಸ್ವಲ್ಪ ಕಾಫಿ, ಅದರ ನಡುವೆ ಮೆಣಸು, ಮನೆ ಹಿಂದೆ ತರಕಾರಿ ಹಿತ್ತಲು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಬೇಕರಿ, ಬಟ್ಟೆ ಅಂಗಡಿ, ಮೆಡಿಕಲ್ ಎಲ್ಲ ಕಡೆಯಿಂದಲೂ ಪೇಪರ್ ಬ್ಯಾಗು ಬರುತ್ತವೆ. ಅವನ್ನು ಒಂದೇ ಸಲಕ್ಕೆ ಕಸಕ್ಕೆ ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಕಾಗದ ತೇವ ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ನಮ್ಮ ಕೊಡಗಿನಲ್ಲಿ ಇದು ದೊಡ್ಡ ಗುಣ. ಆದರೆ ಅದೇ ಗುಣದಿಂದಾಗಿ ಹೊರಗಿಟ್ಟರೆ ಎರಡು ದಿನಕ್ಕೆ ಹರಿದು ಮುದ್ದೆಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮನೆಯೊಳಗೆ, ಮಳೆ ಬಿಟ್ಟ ಮೇಲೆ ಹಿತ್ತಲಿಗೆ. ನಾನು ನಡೆಸಿಕೊಂಡು ಬಂದಿರುವ ಕ್ರಮ ಇಷ್ಟೇ.

ಮೊದಲು ಆರಿಸಿಕೊಳ್ಳಿ. ಮಿರಮಿರ ಹೊಳೆಯುವ ಬ್ಯಾಗಿನ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಒಂದು ಮೂಲೆ ಹರಿದು ನೋಡಿ. ತೆಳು ಹಾಳೆಯೊಂದು ಎಳೆದುಕೊಂಡು ಬಂದರೆ ಅದು ಮಣ್ಣಿಗೂ ಬೇಡ, ಒಲೆಗೂ ಬೇಡ. ಅಂಥದ್ದನ್ನು ಉಡುಗೊರೆ ಕೊಡಲು ಮತ್ತೆ ಮತ್ತೆ ಬಳಸಿ. ಬರೀ ಕಂದು ಬಣ್ಣದ, ಅಚ್ಚು ಕಡಿಮೆ ಇರುವ ಬ್ಯಾಗುಗಳೇ ನಮಗೆ ಬೇಕಾದವು. ದಾರದ ಹಿಡಿ, ಅಂಟು ಟೇಪು ಕಿತ್ತು, ಮಡಚಿ, ಒಣ ಜಾಗದಲ್ಲಿಡಿ. ಅಡಿಗೆ ಮನೆಯಲ್ಲಿ ಒಲೆ ಇದ್ದರೆ ಅದರ ಮೇಲಿನ ಅಟ್ಟವೇ ಒಳ್ಳೆಯದು.

ಮಳೆಗಾಲದ ಕೆಲಸಗಳಲ್ಲಿ ನನಗೆ ಬಹಳ ಇಷ್ಟದ್ದು ಬಟರ್ ಫ್ರೂಟ್ ಹಣ್ಣು ಮಾಡುವುದು. ಇದು ಮರದಲ್ಲಿ ಹಣ್ಣಾಗುವ ಜಾತಿಯಲ್ಲ, ಕಿತ್ತ ಮೇಲೆಯೇ ಮೆತ್ತಗಾಗುತ್ತದೆ. ಬಲಿತ ಕಾಯಿ ಮೂರ್ನಾಲ್ಕನ್ನು ಕಂದು ಬ್ಯಾಗಿಗೆ ಹಾಕಿ, ಜೊತೆಗೆ ಒಂದು ಚೆನ್ನಾಗಿ ಕಳಿತ ಬಾಳೆಹಣ್ಣು ಇಡಿ. ಬಾಯಿ ಮಡಚಿ. ಬಾಳೆಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಒಳಗೇ ಉಳಿದು ಕಾಯಿಯನ್ನು ಬೇಗ ಹಣ್ಣು ಮಾಡುತ್ತದೆ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವರು ಕಟ್ಟಿ ತೊಟ್ಟಿನ ಹತ್ತಿರ ಕೊಳೆಯುತ್ತದೆ, ಕಾಗದದಲ್ಲಿ ಆ ತೊಂದರೆ ಇಲ್ಲ. ಎರಡನೇ ದಿನದಿಂದ ತೊಟ್ಟಿನ ಬಳಿ ಮೆಲ್ಲಗೆ ಒತ್ತಿ ನೋಡುತ್ತಿರಿ.

ಅಣಬೆಗೂ ಹೀಗೇ. ಮಳೆಯಲ್ಲಿ ತಂದ ಅಣಬೆ ಅದೇ ದಿನ ಸಾರಾಗದಿದ್ದರೆ ತೊಳೆಯದೆ, ಮಣ್ಣು ಮಾತ್ರ ಒರೆಸಿ, ಪೇಪರ್ ಬ್ಯಾಗಿನಲ್ಲಿ ಫ್ರಿಜ್ಜಿಗೆ ಇಡಿ. ಲೋಳೆಯಾಗುವುದು ತಡವಾಗುತ್ತದೆ. ಕರಿದ ತಿಂಡಿಯ ಎಣ್ಣೆ ಹೀರಲು ಮಾತ್ರ ಅಚ್ಚಾದ ಕಾಗದ ಬೇಡ, ಶಾಯಿ ಹೊಟ್ಟೆಗೆ ಹೋಗುತ್ತದೆ.

ಒದ್ದೆ ಶೂ, ಗಂಬೂಟುಗಳ ಒಳಗೆ ಬ್ಯಾಗನ್ನು ಮುದುರಿ ತುರುಕಿ. ರಾತ್ರಿ ಮಲಗುವ ಮುಂಚೆ ಒಮ್ಮೆ ಬದಲಿಸಿದರೆ ಬೆಳಗ್ಗೆ ಮಕ್ಕಳು ಒಣ ಶೂ ಹಾಕಿಕೊಂಡು ಸ್ಕೂಲಿಗೆ ಹೋಗಬಹುದು. ತೆಗೆದ ಕಾಗದವನ್ನು ಒಲೆ ಬದಿಯಲ್ಲಿ ಒಣಗಿಸಿ ಮತ್ತೆ ಬಳಸಿ. ಬೀರುವಿನ ಚರ್ಮದ ಬೆಲ್ಟು, ಪರ್ಸು ಬೂಷ್ಟು ಹಿಡಿಯುತ್ತವಲ್ವಾ? ಅವನ್ನೂ ಪೇಪರ್ ಬ್ಯಾಗಿನಲ್ಲಿಡಿ, ವಾರಕ್ಕೊಮ್ಮೆ ಹೊರಗೆ ತೆಗೆದು ಒರೆಸಿ. ಕಾಗದ ಮೆತ್ತಗಾಗಿದೆ ಅನ್ನಿಸಿದರೆ ಬದಲಿಸಿ.

ಮಳೆ ಬಿಟ್ಟ ಮೇಲೆ ಬೀಜದ ಕೆಲಸ. ಇದರಲ್ಲಿ ಪೇಪರ್ ಬ್ಯಾಗಿಗೆ ಸಾಟಿ ಇಲ್ಲ. ಹರಿವೆಯ ತೆನೆ ಕಂದಾಗಿ, ಮುಟ್ಟಿದರೆ ಬೀಜ ಉದುರುವ ಹಂತಕ್ಕೆ ಬಂದಾಗ ಗಿಡದಲ್ಲಿದ್ದಂತೆಯೇ ಬ್ಯಾಗು ಇಳಿಸಿ, ಬಾಳೆ ನಾರಿನಿಂದ ಕುತ್ತಿಗೆ ಕಟ್ಟಿ. ಆಮೇಲೆ ದಂಟು ಕೊಯ್ದು ತಲೆಕೆಳಗಾಗಿ ನೇತುಹಾಕಿ. ಒಂದು ವಾರ ಕಳೆದು ಕೊಡವಿದರೆ ಬೀಜವೆಲ್ಲ ತಳದಲ್ಲಿರುತ್ತದೆ, ಒಂದೂ ಹಾಳಾಗುವುದಿಲ್ಲ. ಬದನೆ, ಟೊಮೆಟೊ ಬೀಜವನ್ನಾದರೆ ತೊಳೆದು, ಕತ್ತರಿಸಿದ ಕಂದು ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿ ನೆರಳಲ್ಲಿ ಒಣಗಿಸಿ. ಅಂಟಿಕೊಂಡರೆ ಬಿಡಿಸಲು ಹೋಗಬೇಡಿ. ಕಾಗದದ ಸಮೇತ ಚೂರು ಮಾಡಿ ಮಣ್ಣಿಗೆ ಹಾಕಿದರೆ ಹಾಗೇ ಮೊಳಕೆ ಬರುತ್ತದೆ. ಒಣಗಿದ ಬೀಜದ ಪೊಟ್ಟಣದ ಮೇಲೆ ಹೆಸರು, ತಿಂಗಳು ಬರೆದು ಬಿಗಿ ಮುಚ್ಚಳದ ಡಬ್ಬಿಯೊಳಗಿಡಿ. ಬರೀ ಕಾಗದದಲ್ಲಿ ಬಿಟ್ಟರೆ ಮುಂದಿನ ಜೂನ್‌ಗೆ ಬೀಜವೂ ತೇವ ಕುಡಿಯುತ್ತದೆ.

ಸೌತೆ, ಕುಂಬಳ, ಹಾಗಲದ ಬೇರು ಕದಲಿದರೆ ಸಸಿ ಸೊರಗುತ್ತದೆ. ಇವಕ್ಕೆ ಬೇಕರಿಯ ಸಣ್ಣ ಬ್ಯಾಗೇ ಕುಂಡ. ಬಾಯಿಯನ್ನು ಎರಡು ಸುತ್ತು ಹೊರಕ್ಕೆ ಮಡಚಿದರೆ ಬ್ಯಾಗು ನೆಟ್ಟಗೆ ನಿಲ್ಲುತ್ತದೆ. ಮಣ್ಣಿಗೆ ಕಾಫಿ ನರ್ಸರಿಯ ಲೆಕ್ಕವೇ ಸಾಕು: ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಬ್ಯಾಗುಗಳನ್ನು ಒಂದು ಕ್ರೇಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಸೂರಿನ ಕೆಳಗಿಡಿ, ನೀರನ್ನು ಚಿಮುಕಿಸಿ. ಮೂರನೇ ವಾರಕ್ಕೆ ಬ್ಯಾಗಿನ ಸಮೇತ ಗುಂಡಿಗೆ ಇಳಿಸಿ. ಮಣ್ಣಿನ ಮೇಲೆ ಕಾಣುವ ಅಂಚನ್ನು ಮಾತ್ರ ಹರಿದುಬಿಡಿ. ಹಾಗೇ ಬಿಟ್ಟರೆ ಅದು ಬತ್ತಿಯ ಹಾಗೆ ಬೇರಿನ ನೀರನ್ನು ಮೇಲಕ್ಕೆ ಎಳೆದು ಒಣಗಿಸುತ್ತದೆ. ಕಾಫಿ ಸಸಿಗೆ ಈ ಉಪಾಯ ಆಗುವುದಿಲ್ಲ. ಅದು ಚಳಿಗಾಲದಿಂದ ಜೂನ್‌ವರೆಗೂ ನರ್ಸರಿಯಲ್ಲೇ ಇರಬೇಕು, ಅಲ್ಲಿಯವರೆಗೆ ಕಾಗದ ಬಾಳುವುದಿಲ್ಲ.

ಸೀಬೆ ಹಣ್ಣಿನ ಹುಳದಿಂದ ಬೇಸತ್ತವರು ನವೆಂಬರ್ ನಂತರದ ಕಾಯಿಗಳಿಗೆ ಬ್ಯಾಗು ಕಟ್ಟಿ ನೋಡಿ. ಹಣ್ಣಿನ ನೊಣ ಸಿಪ್ಪೆಯನ್ನು ಚುಚ್ಚಿ ಮೊಟ್ಟೆ ಇಡುವ ಮುಂಚೆ, ಕಾಯಿ ನಿಂಬೆ ಗಾತ್ರ ಇರುವಾಗಲೇ ಕಟ್ಟಬೇಕು. ತಳದ ಎರಡು ಮೂಲೆಗೂ ಸಣ್ಣ ತೂತು ಇರಲಿ. ತಡವಾಗಿ ಕಟ್ಟಿದರೆ ಹುಳವನ್ನೇ ಒಳಗೆ ಕೂಡಿಹಾಕಿದಂತೆ.

ದೊಡ್ಡ ಬ್ಯಾಗುಗಳನ್ನು ಬಿಚ್ಚಿ, ನೀರಲ್ಲಿ ನೆನೆಸಿ, ತರಕಾರಿ ಪಾತಿಗೂ ಆಂಥೂರಿಯಂ ಬುಡಕ್ಕೂ ಹಾಸಿ, ಮೇಲೆ ತರಗೆಲೆ ಹಾಕಿ. ನೆಲ ಇನ್ನೂ ಹಸಿ ಇರುವ ನವೆಂಬರ್‌ನಲ್ಲೇ ಹಾಸಿದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬರುವವರೆಗೆ ನೀರು ಹಾಕುವ ಕೆಲಸ ಅರ್ಧಕ್ಕರ್ಧ ಕಡಿಮೆ, ಕಳೆಯೂ ಏಳುವುದಿಲ್ಲ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಗೆದ್ದಲು ಇರುವಲ್ಲಿ ಬೇಡ. ಮೆಣಸಿನ ಬಳ್ಳಿಯ ಬುಡಕ್ಕಂತೂ ಮಳೆಗಾಲದಲ್ಲಿ ಖಂಡಿತ ಬೇಡ, ತೇವ ನಿಂತರೆ ಸೊರಗು ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಹರಿದು ಏನಕ್ಕೂ ಬಾರದಾದವು ಗೊಬ್ಬರದ ಗುಂಡಿಗೆ. ಅಡಿಗೆ ಮನೆಯ ಹಸಿ ಕಸ ಮಳೆಗಾಲದಲ್ಲಿ ನೀರೊಡೆದು ನಾರುತ್ತದೆ. ಪ್ರತಿ ಪದರಕ್ಕೂ ಒಂದು ಹಿಡಿ ಕಾಗದದ ಚೂರು ಹಾಕಿದರೆ ನಾತ ನಿಲ್ಲುತ್ತದೆ. ಒಂದಷ್ಟನ್ನು ಏಪ್ರಿಲ್‌ನಲ್ಲೇ ತೆಗೆದಿರಿಸಿ, ಒಣಗಿದ ಸಿಲ್ವರ್ ಓಕ್ ಎಲೆ, ಕಾಫಿ ಗಿಡದ ಕೊಂಬೆ ಸವರಿದಾಗ ಬಿದ್ದ ಪುಳ್ಳೆ ತುಂಬಿ, ಬಾಯಿ ತಿರುಚಿ ಅಟ್ಟದಲ್ಲಿಡಿ. ಜುಲೈಯಲ್ಲಿ ಸೌದೆ ಎಲ್ಲ ಥಂಡಿ ಹಿಡಿದಿರುವಾಗ ಹಂಡೆ ಒಲೆಗೆ ಇಂಥ ಒಂದು ಪೊಟ್ಟಣ ಇಟ್ಟು ಕಡ್ಡಿ ಗೀರಿದರೆ ಸೀಮೆಎಣ್ಣೆ ಇಲ್ಲದೆ ಬೆಂಕಿ ಹತ್ತುತ್ತದೆ.